ನಾಲ್ಕನೆಯ ಸೈಕಲ್

ಮೂಡಿಗೆರೆಯಿಂದ ಕಳಸದ ಕಡೆಗೆ ಸೈಕಲ್ ತುಳಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಏರಿನಲ್ಲಿ ಗೆಳೆಯನ ಬೆನ್ನಿಗೆ ಅಂಟಿಕೊಂಡು ಹೋದರೂ ಹೆಚ್ಚಿನ ಉಪಕಾರವಿಲ್ಲ. ಲೆಕ್ಕ ಹಾಕಿ ನೋಡಿ. ಸೈಕಲ್ಲೂ ಸೇರಿ ರಾಶಿ 70 ಕಿಲೋಗ್ರಾಮ್, ರಸ್ತೆ 100 ಮೀಟರಿಗೆ 6 ಮೀಟರ್ ಏರುತ್ತದೆ ಎಂದುಕೊಳ್ಳಿ. ಗುರುತ್ವವನ್ನು ಎದುರಿಸಲು ಸುಮಾರು 41 ನ್ಯೂಟನ್ ಬಲ ಬೇಕು. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಗಾಳಿಯ ತಡೆ 2 ನ್ಯೂಟನ್ ಆಸುಪಾಸು ಮಾತ್ರ.

ವೆಲೋಡ್ರೋಮಿನಲ್ಲಿ ಇದು ತಿರುಗುಮುರುಗು. ಸೆಕೆಂಡಿಗೆ 16 ಮೀಟರ್ ವೇಗದಲ್ಲಿ ಶ್ರಮವೆಲ್ಲ ಬಹುಪಾಲು ಗಾಳಿಗೇ ಸಲ್ಲುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೂ, ಅದನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೂ ಅನುಪಾತದಲ್ಲಿರುತ್ತದೆ. (ನಮ್ಮ ರಾಜ್ಯದ ಸೈಕಲ್ ಪಟುಗಳಲ್ಲಿ ಹೆಚ್ಚಿನವರು ಮಲೆನಾಡಿನವರಲ್ಲ, ವಿಜಯಪುರ, ಬಾಗಲಕೋಟೆ ಬಯಲಿನವರು.)

ಟೀಮ್ ಪರ್ಸ್ಯೂಟ್ ಅಥವಾ ತಂಡ ಬೆನ್ನಟ್ಟಾಟ ಗಾಳಿಯೊಡನೆ ನಡೆಯುವ ಇಂಥ ವ್ಯವಹಾರ. ಎರಡು ತಂಡಗಳು ಹಾದಿಯ ಎದುರುಬದುರು ಬದಿಗಳಿಂದ ಹೊರಡುತ್ತವೆ. ಮುಂದಿರುವ ಪಟು ಸರದಿ ಮುಗಿದೊಡನೆ ಇಳಿಜಾರು ತಿರುವಿನ ಮೇಲಕ್ಕೆ ಸರಿದು, ಸಾಲಿನ ಕೊನೆಗೆ ಸೇರಿಕೊಳ್ಳುತ್ತಾಳೆ. ಮೂರನೆಯವಳು ಗೆರೆ ದಾಟಿದ ಕ್ಷಣವೇ ತಂಡದ ಸಮಯ.

ಗಂಡಸರಿಗೆ ಈ ಸ್ಪರ್ಧೆ 1908ರ ಲಂಡನ್ ಒಲಿಂಪಿಕ್ಸ್‌ನಲ್ಲೇ ಇತ್ತು. ಹೆಂಗಸರಿಗೆ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವಕಾಶ ಸಿಕ್ಕಿದ್ದು ಸರಿಯಾಗಿ ನೂರು ವರ್ಷಗಳ ನಂತರ, 2008ರಲ್ಲಿ, ಮ್ಯಾಂಚೆಸ್ಟರಿನಲ್ಲಿ. ಅದೂ ಗಂಡಸರಂತೆ ನಾಲ್ವರು 4000 ಮೀಟರ್ ಅಲ್ಲ, ಮೂವರು 3000 ಮೀಟರ್. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ನಮ್ಮಲ್ಲೂ ಮರದ ವೆಲೋಡ್ರೋಮ್ ಸಿದ್ಧವಾಯಿತು. ಅಲ್ಲಿ ಗಂಡಸರ ತಂಡ ಬೆನ್ನಟ್ಟಾಟ ನಡೆಯಿತು, ಹೆಂಗಸರದು ನಡೆಯಲಿಲ್ಲ.

ಮೂವರ ನಿಯಮ ಹೆಂಗಸರಿಗೆ ತೋರಿದ ರಿಯಾಯಿತಿಯೆ? ನನಗೆ ಹಾಗೆ ತೋರುವುದಿಲ್ಲ. ನಾಲ್ವರಿದ್ದರೆ ದಣಿದ ಒಬ್ಬರನ್ನು ಕೊನೆಯಲ್ಲಿ ಬಿಟ್ಟುಬಿಡಬಹುದು. ಮೂವರಿದ್ದರೆ ಮೂವರೂ ಗೆರೆ ದಾಟಲೇಬೇಕು.

ಇನ್ನೊಂದು ಲೆಕ್ಕವೂ ಇದೆ. ಗಂಟೆಗೆ 60 ಕಿಲೋಮೀಟರ್ ವೇಗದ ತಂಡಗಳ ಬಗ್ಗೆ ಬ್ರೋಕರ್, ಕೈಲ್ ಮತ್ತು ಬರ್ಕ್ 1999ರಲ್ಲಿ ಅಳತೆಗಳನ್ನು ಪ್ರಕಟಿಸಿದರು. ಮುಂದಿನವರ ಸಾಮರ್ಥ್ಯ 100 ಎಂದರೆ ಎರಡನೆಯವರದು ಸುಮಾರು 71, ಮೂರನೆಯ ಮತ್ತು ನಾಲ್ಕನೆಯವರದು 64. ಸರದಿ ಸಮನಾಗಿ ಹಂಚಿಕೊಂಡರೆ ಮೂವರ ಸರಾಸರಿ 78, ನಾಲ್ವರ ಸರಾಸರಿ 75. ಘನಮೂಲ ತೆಗೆದು ನೋಡಿ: ಅದೇ ಶ್ರಮಕ್ಕೆ ವೇಗ ಶೇಕಡ 1.6ರಷ್ಟು ಹೆಚ್ಚಬೇಕು.

ನಿಜಕ್ಕೂ ಏನಾಯಿತು? 2012ರ ಲಂಡನ್‌ನಲ್ಲಿ ಬ್ರಿಟನ್ನಿನ ಮೂವರು 3 ನಿಮಿಷ 14.051 ಸೆಕೆಂಡಿನಲ್ಲಿ ಗೆದ್ದರು. ಸರಾಸರಿ ವೇಗ ಗಂಟೆಗೆ 55.7 ಕಿಲೋಮೀಟರ್. ಮರುವರ್ಷ ನಿಯಮ ಬದಲಾಗಿ ನಾಲ್ವರು, 4000 ಮೀಟರ್ ಆಯಿತು. 2016ರ ರಿಯೊದಲ್ಲಿ ಬ್ರಿಟನ್ನಿನ ನಾಲ್ವರ ಸಮಯ 4 ನಿಮಿಷ 10.236 ಸೆಕೆಂಡ್, ಅಂದರೆ ಗಂಟೆಗೆ 57.5 ಕಿಲೋಮೀಟರ್. ದೂರ ಮೂರನೆಯ ಒಂದು ಭಾಗ ಹೆಚ್ಚಿತು, ವೇಗವೂ ಶೇಕಡ 3.4ರಷ್ಟು ಹೆಚ್ಚಿತು! ನಾಲ್ಕನೆಯ ಸೈಕಲ್ಲಿನ ಪಾಲು ಇದರಲ್ಲಿ ಅರ್ಧದಷ್ಟೆಂದು ಇಟ್ಟುಕೊಳ್ಳಬಹುದು. ಉಳಿದದ್ದು ತರಬೇತಿ, ಭಂಗಿ, ಉಡುಪು, ಚಕ್ರಗಳದು. ಮ್ಯಾಂಚೆಸ್ಟರ್, ಲಂಡನ್, ರಿಯೊ, ಮೂರೂ ಕಡೆ ಗೆದ್ದ ತಂಡದಲ್ಲಿದ್ದವರು ಜೋನಾ ರೌಸೆಲ್.

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿ 4 ನಿಮಿಷ 4.242 ಸೆಕೆಂಡಿಗೆ ಇಳಿಸಿ ಆಗಿನ ವಿಶ್ವದಾಖಲೆ ಬರೆಯಿತು. 2024ರ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕದ ಸಮಯ 4 ನಿಮಿಷ 4.306 ಸೆಕೆಂಡ್. ಈ ಎರಡು ತಂಡಗಳನ್ನು ಒಂದೇ ಹಾದಿಯಲ್ಲಿ ಓಡಿಸಿದ್ದರೆ, ನಾಲ್ಕು ಸಾವಿರ ಮೀಟರಿನ ಕೊನೆಯಲ್ಲಿ ಅವುಗಳ ನಡುವಿನ ಅಂತರ ಒಂದು ಮೀಟರಿಗಿಂತ ಚೂರು ಹೆಚ್ಚು.