ಹೆಬ್ಬೆಟ್ಟಿನ ಸಾಕ್ಷ್ಯ

ಅಕ್ಷರವರಿಯದವನನ್ನು ‘ಹೆಬ್ಬೆಟ್ಟು ಒತ್ತುವವನು’ ಎಂದು ಹಗುರವಾಗಿ ಆಡುವ ವಾಡಿಕೆ ನಮ್ಮ ಜನರಲ್ಲಿ ಬಹುಕಾಲದಿಂದ ಇದೆ. ಆದರೆ ಆ ಹೆಬ್ಬೆಟ್ಟೇ ನ್ಯಾಯಸ್ಥಾನದಲ್ಲಿ ವಿದ್ವಾಂಸನ ಸಹಿಗಿಂತಲೂ ಬಲವಾದ ಪ್ರಮಾಣವಾಗಿ ನಿಂತ ವೃತ್ತಾಂತವು ವಿಚಾರಾರ್ಹವಾದುದು. ಅದರ ಮುಖ್ಯಭಾಗವು ನಡೆದುದು ವಂಗದೇಶದಲ್ಲಿ.

ವ್ಯವಹಾರನಿರ್ಣಯಕ್ಕೆ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳನ್ನು ಯಾಜ್ಞವಲ್ಕ್ಯನು ಹೇಳಿ, ಇವು ದೊರೆಯದಿದ್ದಲ್ಲಿ ದಿವ್ಯವನ್ನು ವಿಧಿಸಿದನು. ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ಸಾಲಗಾರನು ಲಿಪಿಯರಿಯದವನಾದರೆ ಸಾಕ್ಷಿಗಳೆದುರಿಗೆ ಬೇರೊಬ್ಬನಿಂದ ತನ್ನ ಸಮ್ಮತಿಯನ್ನು ಬರೆಯಿಸಬೇಕೆಂಬ ವಚನವನ್ನೂ ಉದಾಹರಿಸಿದ್ದಾನೆ. ಆದರೆ ಎದುರಿಗೆ ನಿಂತಿರುವವನು ಅಂದು ಒಪ್ಪಿದವನೇ ಅಹುದೋ ಅಲ್ಲವೋ ಎಂಬ ಸಂದೇಹಕ್ಕೆ ಆಗ ಮನುಷ್ಯರ ನೆನಪೊಂದೇ ಆಧಾರ.

1858ರಲ್ಲಿ ಮುರ್ಷಿದಾಬಾದ್ ಪ್ರಾಂತದ ಜಂಗೀಪುರದಲ್ಲಿದ್ದ ಅಧಿಕಾರಿ ವಿಲಿಯಂ ಹರ್ಷೆಲನಿಗೆ ಬಂದ ತೊಡಕು ಇದೇ. ರಸ್ತೆಗೆ ಹಾಸುವ ಕಲ್ಲನ್ನು ಒದಗಿಸಲು ರಾಜ್ಯಧರ ಕೋನಾಯಿ ಎಂಬವನೊಡನೆ ಕರಾರು ಮಾಡಿಕೊಂಡಾಗ, ಆತನು ಮುಂದೆ ತನ್ನ ರುಜುವನ್ನು ಅಲ್ಲವೆನ್ನದಂತೆ ಹೆದರಿಕೆಯಿರಲೆಂದು, ಅವನ ಅಂಗೈಯೆಲ್ಲಕ್ಕೂ ಮಸಿ ಬಳಿದು ಕಾಗದದ ಮೇಲೆ ಒತ್ತಿಸಿದನು. ಬಳಿಕ ವರ್ಷಗಟ್ಟಲೆ ತನ್ನ ಬೆರಳನ್ನೂ ಪರಿಚಿತರ ಬೆರಳುಗಳನ್ನೂ ಒತ್ತಿಸಿಟ್ಟು, ರೇಖೆಗಳು ವಯಸ್ಸಿನೊಡನೆ ಮಾರ್ಪಡುವುದಿಲ್ಲವೆಂಬುದನ್ನು ಕಂಡುಕೊಂಡನು. 1877ರಲ್ಲಿ ಹೂಗ್ಲಿಯಲ್ಲಿ ಪಿಂಚಣಿದಾರರಿಗೂ, ರಿಜಿಸ್ಟರಾಗುವ ಪತ್ರಗಳಿಗೂ, ಸೆರೆಯಾಳುಗಳಿಗೂ ಈ ಗುರುತನ್ನು ಬಳಕೆಗೆ ತಂದನು. ಅದನ್ನು ವಿಸ್ತರಿಸಬೇಕೆಂಬ ಅವನ ಸೂಚನೆಯನ್ನು ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಗುರುತು ಒತ್ತಿಸುವುದು ಸುಲಭ. ಸಾವಿರಾರು ಕಾಗದಗಳಲ್ಲಿ ಬೇಕಾದುದೊಂದನ್ನು ಹುಡುಕುವುದೇ ಕಷ್ಟ. ಈ ಕಷ್ಟವನ್ನು ಪರಿಹರಿಸಿದುದು ಕಲಕತ್ತೆಯ ಪೋಲೀಸು ಕಚೇರಿ. ಅಲ್ಲಿ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದ ಎಡ್ವರ್ಡ್ ಹೆನ್ರಿಯ ಕೈಕೆಳಗೆ, ಗಣಿತದಲ್ಲಿ ನುರಿತ ಖಾಜಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬಿಬ್ಬರು ಕೆಲಸ ಮಾಡುತ್ತಿದ್ದರು. ಹತ್ತು ಬೆರಳುಗಳನ್ನು ಐದು ಜೋಡಿಗಳಾಗಿಸಿ, ಸುಳಿಯುಳ್ಳ ಬೆರಳಿಗೆ ಜೋಡಿಯ ಕ್ರಮದಲ್ಲಿ 16, 8, 4, 2, 1 ಎಂಬ ಬೆಲೆಗಳನ್ನು ಕೊಟ್ಟು, ಜೋಡಿಯ ಒಂದೊಂದು ಬೆರಳಿನ ಸಾಲನ್ನು ಬೇರೆಬೇರೆಯಾಗಿ ಕೂಡಿಸಿ, ಒಂದೊಂದು ಮೊತ್ತಕ್ಕೂ ಒಂದನ್ನು ಸೇರಿಸುವುದು ಅವರ ಕ್ರಮ. ಒಟ್ಟು 32ನ್ನು 32ರಿಂದ ಗುಣಿಸಿದಷ್ಟು, ಎಂದರೆ 1024 ಗೂಡುಗಳು. ಯಾವ ಮನುಷ್ಯನ ಕಾಗದವು ಯಾವ ಗೂಡಿನಲ್ಲಿದೆಯೆಂಬುದು ಲೆಕ್ಕದಿಂದಲೇ ತಿಳಿಯುವುದು. ಛಂದಶ್ಶಾಸ್ತ್ರವನ್ನು ಓದಿದವರಿಗೆ ಇಲ್ಲೊಂದು ಕೌತುಕವಿದೆ: ಕೇದಾರಭಟ್ಟನ ವೃತ್ತರತ್ನಾಕರದ ಉದ್ದಿಷ್ಟವಿಧಿಯಲ್ಲಿಯೂ ಅಕ್ಷರಗಳ ಮೇಲೆ ಇಮ್ಮಡಿಸುವ ಅಂಕಗಳನ್ನಿಟ್ಟು, ಲಘುಗಳ ಮೇಲಿನವನ್ನು ಕೂಡಿಸಿ, ಒಂದನ್ನು ಸೇರಿಸಿದರೆ ಪ್ರಸ್ತಾರದಲ್ಲಿ ಆ ವೃತ್ತದ ಸ್ಥಾನವು ದೊರೆಯುತ್ತದೆ. ಒಂದರಿಂದ ಇನ್ನೊಂದು ಬಂದಿತೆಂದು ಇದರಿಂದ ಹೇಳಲಾಗದು. ಲೆಕ್ಕ ಮಾತ್ರ ಒಂದೇ. ಈ ಪದ್ಧತಿಗೆ ಹೆನ್ರಿಯ ಹೆಸರೇ ನಿಂತಿತು. ಹಕ್ ಖಾನ್ ಬಹದ್ದೂರನೂ ಬೋಸ್ ರಾಯ್ ಬಹದ್ದೂರನೂ ಆದರು. ತನ್ನ ಕೈಕೆಳಗಿನವರಲ್ಲಿ ಹಕ್ಕನ ಕೆಲಸವೇ ಹೆಚ್ಚಿನದೆಂದು ಹೆನ್ರಿಯು 1926ರಲ್ಲಿ ಬರೆದು ಒಪ್ಪಿಕೊಂಡನು. ತಡವಾಯಿತಾದರೂ ಒಪ್ಪಿದನು.

ಸರ್ಕಾರವು ಈ ಕ್ರಮವನ್ನು ಅಂಗೀಕರಿಸಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯನ್ನು ಸ್ಥಾಪಿಸಿದುದು 1897ರಲ್ಲಿ. ಅದೇ ವರ್ಷ ಜಲಪೈಗುರಿ ಜಿಲ್ಲೆಯ ಚಹದ ತೋಟವೊಂದರ ಮೇನೇಜರನು ಕುತ್ತಿಗೆ ಕೊಯ್ಯಲ್ಪಟ್ಟು ಹಾಸಿಗೆಯಲ್ಲಿ ಸತ್ತುಬಿದ್ದಿದ್ದನು. ಪೆಟ್ಟಿಗೆ ಒಡೆದು ಹಣವನ್ನು ಒಯ್ದಿದ್ದರು. ಸಂದೇಹವು ಮೊದಲು ಕೂಲಿಗಳ ಮೇಲೆ ಹೋಯಿತು; ಬಟ್ಟೆಯಲ್ಲಿ ರಕ್ತದ ಕಲೆ ಕಂಡುದರಿಂದ ಅಡಿಗೆಯವನ ಮೇಲೂ ಹೋಯಿತು. ಅಷ್ಟರಲ್ಲಿ ಪೆಟ್ಟಿಗೆಯ ಕಾಗದಗಳ ನಡುವೆ ನೀಲಿ ಹೊದಿಕೆಯ ಬಂಗಾಳಿ ಪಂಚಾಂಗವೊಂದು ದೊರೆಯಿತು. ಅದರ ಮೇಲೆ ಮಾಸಲು ಕಂದು ಬಣ್ಣದ ಎರಡು ಗುರುತುಗಳು. ಭೂತಗಾಜಿನಲ್ಲಿ ನೋಡಲು, ಒಂದು ಬಲಗೈಯ ಬೆರಳಿನದೆಂದು ತಿಳಿಯಿತು. ಕಲಕತ್ತೆಯ ಗೂಡುಗಳಲ್ಲಿ ಹುಡುಕಿದಾಗ ಅದು ಕಂಗಾಲಿ ಚರಣನ ಬಲ ಹೆಬ್ಬೆಟ್ಟಿಗೆ ಸರಿಹೋಯಿತು. ಈತನು ಸತ್ತವನ ಮನೆಯಲ್ಲಿಯೇ ಹಿಂದೆ ಸೇವಕನಾಗಿದ್ದು, ಯಜಮಾನನು ಕೊಟ್ಟ ದೂರಿನಿಂದ ಕಳ್ಳತನಕ್ಕಾಗಿ ಸೆರೆಯನ್ನು ಅನುಭವಿಸಿ ಬಂದವನು. ದೂರದ ಬೀರ್‌ಭೂಮ್ ಜಿಲ್ಲೆಯಲ್ಲಿ ಸಿಕ್ಕಿಬಿದ್ದನು. ಪರೀಕ್ಷಕರು ಆ ಕಲೆಯನ್ನು ಸಸ್ತನಿಯ ರಕ್ತವೆಂದರು.

ಇಷ್ಟಾದಮೇಲೆ ಗಲ್ಲು ನಿಶ್ಚಯವೆಂದೇ ಯಾರಾದರೂ ಭಾವಿಸುವರು. ಆದರೆ 1898ರ ತೀರ್ಪು ಬೇರೆಯಾಗಿತ್ತು. ಕೊಲ್ಲುವುದನ್ನು ಕಂಡವರು ಯಾರೂ ಇಲ್ಲ. ಪಂಚಾಂಗವನ್ನು ಮುಟ್ಟಿದವನು ಇವನೆಂಬುದಕ್ಕೆ ಮಾತ್ರ ಹೆಬ್ಬೆಟ್ಟು ಸಾಕ್ಷಿ. ಆದುದರಿಂದ ಕಳವಿನ ಅಪರಾಧಕ್ಕೆ ಶಿಕ್ಷೆಯಾಯಿತು, ಕೊಲೆಯ ಆಪಾದನೆಯಿಂದ ಬಿಡುಗಡೆಯಾಯಿತು. ಹೊಸ ವಿದ್ಯೆಯ ಬೆರಗಿನಲ್ಲಿದ್ದ ಕಾಲದಲ್ಲಿ ಅದು ಹೇಳದ ಮಾತನ್ನು ಅದರ ಬಾಯಲ್ಲಿ ಇಡದೆ ಹೋದುದು ಆ ನ್ಯಾಯಾಸನದ ದೊಡ್ಡತನ. ಮರುವರ್ಷ, 1899ರ 5ನೆಯ ಕಾನೂನಿನಿಂದ, ಬೆರಳಿನ ಗುರುತಿನ ವಿಷಯದಲ್ಲಿ ತಜ್ಞರ ಅಭಿಪ್ರಾಯವು ಸಾಕ್ಷ್ಯದ ಶಾಸನದೊಳಗೆ ಸೇರಿತು. 1901ರಲ್ಲಿ ಲಂಡನ್ನಿನ ಪೋಲೀಸರು ಕಲಕತ್ತೆಯ ಪದ್ಧತಿಯನ್ನು ತೆಗೆದುಕೊಂಡರು.

ಈಗ ಆ ಗೂಡುಗಳ ಸ್ಥಾನವನ್ನು ಕಂಪ್ಯೂಟರು ಆಕ್ರಮಿಸಿದೆ. ದೇಶದ ಪೋಲೀಸರು ಸಂಗ್ರಹಿಸಿದ ಬೆರಳಚ್ಚುಗಳನ್ನು ಒಂದೆಡೆ ಕೂಡಿಸುವ ವ್ಯವಸ್ಥೆ 2022ರಲ್ಲಿ ಏರ್ಪಟ್ಟಿತು. ಅದೇ ವರ್ಷದ ಶಾಸನವು ಕಣ್ಣಿನ ಪಾಪೆಯ ಗುರುತನ್ನೂ ಅಳತೆಗಳಲ್ಲಿ ಸೇರಿಸಿ, ಅವನ್ನು 75 ವರ್ಷ ಕಾಪಾಡಬಹುದೆಂದು ವಿಧಿಸಿತು. 1 ಜುಲೈ 2024ರಿಂದ 1872ರ ಸಾಕ್ಷ್ಯದ ಶಾಸನವೇ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮವು ಬಂದಿತು. ಹುಡುಕುವ ಕೆಲಸ ಯಂತ್ರದ್ದಾದರೂ, ‘ಇದೇ ಅದು’ ಎನ್ನುವ ಕೊನೆಯ ಮಾತನ್ನು ಇಂದಿಗೂ ಭೂತಗಾಜು ಹಿಡಿದ ಮನುಷ್ಯನೇ ಆಡಬೇಕಾಗಿದೆ.

ಆ ಮನುಷ್ಯನು ತಪ್ಪಿದರೆ ಏನಾಗುವುದೆಂಬುದಕ್ಕೆ 2004ರ ಪ್ರಕರಣವುಂಟು. ಆ ಮಾರ್ಚಿಯಲ್ಲಿ ಸ್ಪೇನ್ ದೇಶದ ಮ್ಯಾಡ್ರಿಡ್ ನಗರದ ರೈಲುಗಳಲ್ಲಿ ಬಾಂಬುಗಳು ಸಿಡಿದವು. ಡಿಟೋನೇಟರುಗಳಿದ್ದ ಚೀಲವೊಂದರ ಮೇಲೆ ದೊರೆತ ಗುರುತಿಗೆ ಅಮೆರಿಕದ ಕಂಪ್ಯೂಟರು ಹೋಲಿಕೆಯುಳ್ಳವರ ಪಟ್ಟಿಯನ್ನು ಕೊಟ್ಟಿತು. ಎಫ್‌ಬಿಐನ ಪರೀಕ್ಷಕರು ಅದರಲ್ಲಿದ್ದ ಆರಿಗಾನ್ ಸಂಸ್ಥಾನದ ವಕೀಲನೊಬ್ಬನನ್ನು ಅವನೇ ಎಂದು ನಿರ್ಧರಿಸಿದರು. ಹೋಲಿಕೆ ಸರಿಬಾರದೆಂದು ಸ್ಪೇನಿನ ಪೋಲೀಸರು ಏಪ್ರಿಲಿನಲ್ಲಿಯೇ ತಿಳಿಸಿದ್ದರೂ, ಮೇ 6ರಂದು ಆತನನ್ನು ಸೆರೆಹಿಡಿದರು. ಸ್ಪೇನಿನವರು ಆ ಗುರುತು ಅಲ್ಜೀರಿಯದವನೊಬ್ಬನದೆಂದು ತೋರಿಸಿಕೊಟ್ಟಮೇಲೆ ಮೇ 20ರಂದು ಆತನು ಹೊರಬಂದನು. ಸರ್ಕಾರವು ಕ್ಷಮೆ ಬೇಡಿತು. 2006ರಲ್ಲಿ 20 ಲಕ್ಷ ಡಾಲರುಗಳ ಪರಿಹಾರವನ್ನೂ ತೆತ್ತಿತು.