ಕಾವಲು ಕಾದವರ ಚರಿತ್ರೆ: ಹುಣಸೂರು ಉಪವಿಭಾಗದ ಸೆರೆಮನೆಗಳನ್ನು ಕುರಿತು ಕೆಲವು ವಿಚಾರಗಳು

೧

ಕೊಡಗಿನ ದೊಡ್ಡ ವೀರರಾಜೇಂದ್ರನು ೧೭೮೮ರ ಡಿಸೆಂಬರ್ ತಿಂಗಳಿನಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ತನ್ನ ನಾಡನ್ನು ಸೇರಿದ ಸಂಗತಿ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಮೊದಲು ಹಾಸನ ಸೀಮೆಯ ಗೊರೂರಿನಲ್ಲಿ ಇರಿಸಲ್ಪಟ್ಟಿದ್ದ ಆ ರಾಜಕುಟುಂಬವನ್ನು ಟಿಪ್ಪುಸುಲ್ತಾನನು ತರುವಾಯ ಪಿರಿಯಾಪಟ್ಟಣದ ಕೋಟೆಗೆ ಸಾಗಿಸಿದ್ದನು. ಅಲ್ಲಿಂದ ಪಾರಾದ ರಾಜನು ಸೈನ್ಯವನ್ನು ಕೂಡಿಸಿದನು; ೧೭೯೦ರಲ್ಲಿ ಇಂಗ್ಲಿಷ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡನು; ಮೈಸೂರಿನ ಮೂರನೆಯ ಯುದ್ಧದಲ್ಲಿ ಕಂಪನಿಯ ಸೇನೆಗೆ ನೆರವಾದನು. ಒಂದು ಕೋಟೆಯ ಕಾವಲು ಒಂದು ರಾತ್ರಿ ಸಡಿಲಿದುದರ ಪರಿಣಾಮ ಇಷ್ಟು ದೊಡ್ಡದು.

ಆದರೆ ಆ ರಾತ್ರಿ ಕಾವಲಿದ್ದವರು ಯಾರು? ಅವರ ಪಾಡು ಏನಾಯಿತು? ಚರಿತ್ರೆಯ ಪುಟಗಳಲ್ಲಿ ಪಾರಾದವರಿಗೆ ಹೆಸರುಂಟು, ಸೆರೆಯಿಟ್ಟವರಿಗೂ ಹೆಸರುಂಟು. ಇಬ್ಬರ ನಡುವೆ ಈಟಿ ಹಿಡಿದು ನಿಂತವನಿಗೆ ಹೆಸರಿಲ್ಲ. ಈ ಮೌನ ೧೭೮೮ರ ಒಂದು ರಾತ್ರಿಗೆ ಸೀಮಿತವಾದುದಲ್ಲ. ಅದು ಇಂದಿನವರೆಗೂ ಮುಂದುವರಿದಿದೆ ಎಂಬುದನ್ನು ತೋರಿಸುವುದೂ, ಅದರಿಂದ ಆಗಿರುವ ನಷ್ಟವನ್ನು ವಿಚಾರಿಸುವುದೂ ಪ್ರಕೃತ ಲೇಖನದ ಉದ್ದೇಶ.

ನಾವು ಆರಿಸಿಕೊಂಡಿರುವ ಪ್ರದೇಶ ಮೈಸೂರು ಜಿಲ್ಲೆಯ ಹುಣಸೂರು ಉಪವಿಭಾಗ: ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳು, ಮತ್ತು ಇತ್ತೀಚೆಗೆ ಅವುಗಳಿಂದ ಬೇರೆಯಾದ ಸಾಲಿಗ್ರಾಮ, ಸರಗೂರುಗಳು. ಇಲ್ಲಿ ದೊಡ್ಡ ಕಾರಾಗೃಹವಿಲ್ಲ. ಕೇಂದ್ರ ಕಾರಾಗೃಹವಿರುವುದು ಮೈಸೂರು ನಗರದಲ್ಲಿ. ಹಾಗಿದ್ದೂ ಈ ಸೀಮೆಯನ್ನು ಆರಿಸಲು ಕಾರಣವುಂಟು. ದೊಡ್ಡ ಸೆರೆಮನೆಗಳ ವಿಷಯವಾಗಿ ವರದಿಗಳಾದರೂ ದೊರೆಯುತ್ತವೆ. ತಾಲ್ಲೂಕು ಕಛೇರಿಯ ಮಗ್ಗುಲಿನ ಒಂದೆರಡು ಕೋಣೆಗಳನ್ನು ಕಾಯ್ದವನ ವಿಷಯವಾಗಿ ಬರೆದವರು ವಿರಳ.

೨

ಕಾವಲುಗಾರನ ವೃತ್ತಿ ಕನ್ನಡನಾಡಿಗೆ ಹೊಸದಲ್ಲ. 'ಸೆರೆ' ಎಂಬುದು ನಮ್ಮ ಭಾಷೆಯ ಹಳೆಯ ಮಾತು. ಶಾಸನಗಳಲ್ಲಿ ಕಾಣುವ 'ತಳಾರ'ನೇ ಮುಂದೆ ಹಳ್ಳಿಯ ತಳವಾರನಾದನು. ಗ್ರಾಮದ ಆಯಗಾರರಲ್ಲಿ ತಳವಾರನಿಗೂ ತೋಟಿಗೂ ಸ್ಥಾನವಿದ್ದಿತು; ಸುಗ್ಗಿಯಲ್ಲಿ ಕಣದಿಂದ ಅವರಿಗೆ ಧಾನ್ಯ ಸಲ್ಲುತ್ತಿದ್ದಿತು. ಇಲ್ಲಿ ಗಮನಿಸಬೇಕಾದುದೊಂದು ಅಂಶವಿದೆ. ತಳವಾರನು ಊರಿಗೆ ಸೇರಿದವನು. ತಾನು ಕಾಯುವ ಜನರ ನಡುವೆಯೇ ಬಾಳುವವನು. ೧೮೩೧ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋದ ಮೇಲೆ ಕ್ರಮವಾಗಿ ರೂಪುಗೊಂಡ ಸೆರೆಮನೆಯ ವ್ಯವಸ್ಥೆಯಲ್ಲಿ ಈ ಸಂಬಂಧ ತಪ್ಪಿತು. ಬೆಂಗಳೂರಿನ ಕೇಂದ್ರ ಕಾರಾಗೃಹ ೧೮೬೭ರಲ್ಲಿ ಸ್ಥಾಪಿತವಾಯಿತು. ಮೈಸೂರು ನಗರದಲ್ಲಿ ಇನ್ನೊಂದು ದೊಡ್ಡ ಸೆರೆಮನೆ ನಡೆಯಿತು. ಇವುಗಳ ಕೆಳಗೆ ತಾಲ್ಲೂಕಿನ ಮುಖ್ಯ ಸ್ಥಳಗಳಲ್ಲಿ 'ಲಾಕಪ್' ಎಂದು ಕರೆಯಲ್ಪಟ್ಟ ಚಿಕ್ಕ ಬಂದೀಖಾನೆಗಳಿದ್ದವು.

ತಾಲ್ಲೂಕಿನ ಬಂದೀಖಾನೆ ಕಛೇರಿಯ ನೆರಳಿನಲ್ಲಿ ಬೆಳೆದ ಸಂಸ್ಥೆ. ಅಮಲ್ದಾರರು ಕಂದಾಯ ವಸೂಲಿಯೊಡನೆ, ಖಜಾನೆಯೊಡನೆ, ಇದರ ಮೇಲ್ವಿಚಾರಣೆಯನ್ನೂ ನೋಡಿಕೊಳ್ಳಬೇಕಾಗಿದ್ದಿತು. ಕಛೇರಿ ಹೋದೆಡೆಗೆ ಬಂದೀಖಾನೆಯೂ ಹೋಗುವುದು ಅಂದಿನ ಕ್ರಮ. ಕಾವೇರಿಯ ದಡದ ಎಡತೊರೆಯ ಬದಲು ಕೃಷ್ಣರಾಜನಗರವೆಂಬ ಹೊಸ ಪಟ್ಟಣ ತಾಲ್ಲೂಕಿನ ಕೇಂದ್ರವಾದಾಗ, ಊರಿನೊಡನೆ ಆಡಳಿತದ ಎಲ್ಲ ಅಂಗಗಳೂ ಸ್ಥಳ ಬದಲಿಸಬೇಕಾಯಿತು. ಈ ವ್ಯವಸ್ಥೆಯ ದೋಷ ಮೊದಲಿನಿಂದಲೂ ಒಂದೇ: ಮೇಲ್ವಿಚಾರಣೆ ಕಂದಾಯದವರದು, ಕಾವಲು ಪೋಲೀಸಿನವರದು, ಕೈದಿಯ ವಿಚಾರಣೆ ನ್ಯಾಯಾಲಯದ್ದು. ಹೀಗೆ ಹೊಣೆ ಹಂಚಿಹೋದಾಗ ತಪ್ಪಿನ ಭಾರ ಮಾತ್ರ ಕಟ್ಟಕಡೆಯಲ್ಲಿ ಬಾಗಿಲ ಬಳಿ ನಿಂತವನ ಹೆಗಲಿಗೆ ಬೀಳುವುದು ಸಹಜ.

ಇಲ್ಲಿ ಇರಿಸಲ್ಪಡುತ್ತಿದ್ದವರು ಬಹುಮಟ್ಟಿಗೆ ವಿಚಾರಣೆಗೆ ಕಾದಿದ್ದವರು, ಅಥವಾ ಅಲ್ಪಕಾಲದ ಶಿಕ್ಷೆಯವರು. ಹೆಗ್ಗಡದೇವನಕೋಟೆ, ಹುಣಸೂರುಗಳ ಕಾಡಂಚಿನಲ್ಲಿ ಜೇನುಕುರುಬರ, ಕಾಡುಕುರುಬರ ಹಾಡಿಗಳಿವೆ. ಅರಣ್ಯವು ಸರ್ಕಾರದ ಸ್ವತ್ತೆಂದು ಕಾಯ್ದೆಯಾದ ಮೇಲೆ, ತಲೆಮಾರುಗಳಿಂದ ಜೀವನೋಪಾಯವಾಗಿದ್ದ ಕೆಲಸಗಳೇ ಅಪರಾಧಗಳ ಪಟ್ಟಿಯನ್ನು ಸೇರಿದವು. ಗೋಡೆಯೆಂಬುದನ್ನೇ ಕಾಣದೆ ಬೆಳೆದವನನ್ನು ಕೋಣೆಯೊಳಗೆ ಕೂಡಿಡುವ ಕೆಲಸ, ಕೂಡಿಡುವವನಿಗೂ ಸುಲಭವಾದುದಲ್ಲ.

೩

ಕಾವಲುಗಾರನನ್ನು ಕಾನೂನು ಯಾವ ದೃಷ್ಟಿಯಿಂದ ನೋಡಿತು? ಇದಕ್ಕೆ ೧೮೯೪ರ ಸೆರೆಮನೆಗಳ ಕಾಯ್ದೆಯನ್ನು ನೋಡಬೇಕು. ಮೈಸೂರು ಸಂಸ್ಥಾನವು ತನ್ನದೇ ಕಾನೂನಿನಿಂದ ನಡೆಯುತ್ತಿದ್ದಿತಾದರೂ ಈ ವಿಷಯದಲ್ಲಿ ಬ್ರಿಟಿಷ್ ಭಾರತದ ಮಾದರಿಯನ್ನೇ ಬಹುಮಟ್ಟಿಗೆ ಅನುಸರಿಸಿತು. ಪಿರಿಯಾಪಟ್ಟಣದ ಗಡಿಯಾಚೆಯ ಕೊಡಗು ಬ್ರಿಟಿಷರ ನೇರ ಆಡಳಿತದಲ್ಲಿದ್ದುದರಿಂದ ಅಲ್ಲಿ ಆ ಕಾಯ್ದೆಯೇ ಜಾರಿಯಲ್ಲಿದ್ದಿತು.

ಆ ಕಾಯ್ದೆಯ ಮೇರೆಗೆ ಜೈಲರನು ಸೆರೆಮನೆಯಲ್ಲಿಯೇ ವಾಸಿಸಬೇಕು. ಬೇರೆಡೆ ವಾಸಕ್ಕೆ ಲಿಖಿತ ಅನುಮತಿ ಬೇಕು. ಅನುಮತಿಯಿಲ್ಲದೆ ಒಂದು ರಾತ್ರಿಯನ್ನೂ ಹೊರಗೆ ಕಳೆಯಕೂಡದು. ಕೆಳಗಿನ ನೌಕರರು ರಜೆಯಿಲ್ಲದೆ ಸ್ಥಳ ಬಿಡಕೂಡದು. ಕೈದಿಗಳೊಡನೆ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳಕೂಡದು. ೫೪ನೆಯ ಪ್ರಕರಣವು ಇನ್ನೂ ಕಠಿನವಾದುದು. ಕರ್ತವ್ಯಲೋಪ, ಎರಡು ತಿಂಗಳ ಮುಂಗಡ ಸೂಚನೆಯಿಲ್ಲದೆ ಕೆಲಸ ಬಿಡುವುದು, ರಜೆ ಮೀರಿ ಉಳಿಯುವುದು, ಅಪ್ಪಣೆಯಿಲ್ಲದೆ ಬೇರೆ ಕಸುಬು ಹಿಡಿಯುವುದು, ಇವೆಲ್ಲ ಅಪರಾಧಗಳು. ಪಟ್ಟಿಯ ಕೊನೆಯಲ್ಲಿ ಹೇಡಿತನವೂ ಅಪರಾಧವೆಂದಿದೆ. ಶಿಕ್ಷೆ: ಇನ್ನೂರು ರೂಪಾಯಿಗಳವರೆಗೆ ದಂಡ, ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ರಜೆಯಿಂದ ತಡವಾಗಿ ಬಂದ ಕಾವಲುಗಾರನು, ತಾನು ನಿನ್ನೆಯವರೆಗೆ ಕಾಯುತ್ತಿದ್ದ ಕೈದಿಗಳ ಸಾಲಿನಲ್ಲಿ ಕೂಡುವ ಸಂಭವವನ್ನು ಕಾಯ್ದೆಯೇ ಕಲ್ಪಿಸಿದ್ದಿತು.

ಇನ್ನೊಂದು ಕಡೆ ೨೩ನೆಯ ಪ್ರಕರಣದ ಮೂಲಕ ಆಯ್ದ ಕೈದಿಗಳನ್ನೇ ಸೆರೆಮನೆಯ ಅಧಿಕಾರಿಗಳಾಗಿ ನೇಮಿಸುವ ಪದ್ಧತಿಗೂ ಮನ್ನಣೆ ದೊರೆಯಿತು. ಹೀಗೆ ನೇಮಿಸಲ್ಪಟ್ಟವರನ್ನು ದಂಡಸಂಹಿತೆಯ ಅರ್ಥದಲ್ಲಿ ಸಾರ್ವಜನಿಕ ನೌಕರರೆಂದೇ ಪರಿಗಣಿಸಲಾಯಿತು. ಸಂಬಳದ ಕಾವಲುಗಾರರನ್ನು ಹೆಚ್ಚಿಸುವುದಕ್ಕಿಂತ ಇದು ಅಗ್ಗವಾದ ಉಪಾಯ. ಒಟ್ಟಿನಲ್ಲಿ ಸರ್ಕಾರಕ್ಕೆ ಕಾವಲುಗಾರನಲ್ಲಿ ನಂಬಿಕೆಯೂ ಇರಲಿಲ್ಲ, ಅವನಿಗಾಗಿ ವೆಚ್ಚಮಾಡುವ ಮನಸ್ಸೂ ಇರಲಿಲ್ಲ.

೪

ಇಂತಹ ನೌಕರಿಯಲ್ಲಿ ಮನುಷ್ಯನನ್ನು ಉಳಿಸಿದುದು ಯಾವುದು? ಜೊತೆಗಾರರ ಮೇಲಿನ ಭರವಸೆಯೆಂದೇ ನಮ್ಮ ಅಭಿಪ್ರಾಯ. ಇದು ಭಾವುಕತೆಯ ಮಾತಲ್ಲ. ಸೆರೆಮನೆಯ ದಿನಚರಿಯೇ ಇದಕ್ಕೆ ಸಾಕ್ಷಿ.

ಬೆಳಗ್ಗೆ ಬೀಗ ತೆಗೆಯುವಾಗ ಎಣಿಕೆ, ಸಂಜೆ ಬೀಗ ಹಾಕುವಾಗ ಎಣಿಕೆ. ಎರಡು ಎಣಿಕೆಗಳು ತಾಳೆಯಾಗುವವರೆಗೆ ಪಾಳಿಯವನು ಮನೆಗೆ ಹೋಗುವಂತಿಲ್ಲ. ಬಿಟ್ಟು ಹೋಗುವವನು ಹೇಳಿದ ಸಂಖ್ಯೆಯನ್ನು ಬಂದವನು ನಂಬಬೇಕು. ಆ ಸಂಖ್ಯೆ ತಪ್ಪಾದರೆ ಇಬ್ಬರ ಅನ್ನಕ್ಕೂ ಸಂಚಕಾರ. ದೊಡ್ಡ ಸೆರೆಮನೆಯ ಹೆಬ್ಬಾಗಿಲಿಗೆ ಎರಡು ಕದಗಳು; ಎರಡೂ ಒಮ್ಮೆಲೆ ತೆರೆದಿರಕೂಡದೆಂಬುದು ನಿಯಮ. ಒಳಗೆ ಹೋದವನು ತನ್ನ ಹಿಂದೆ ಕದ ಮುಚ್ಚಿದ ಸದ್ದನ್ನು ಕೇಳುತ್ತಲೇ ಮುಂದಿನ ಕದದ ಕೀಲಿಯವನನ್ನು ನೆಚ್ಚಿ ನಿಲ್ಲಬೇಕು. ಅಂಗಳದೊಳಗೆ ಹತ್ತಾರು ಕೈದಿಗಳ ನಡುವೆ ಸುಳಿಯುವ ವಾರ್ಡರನ ಕೈಯಲ್ಲಿರುವುದು ಲಾಠಿ ಮಾತ್ರ. ಗಲಭೆಯೆದ್ದಾಗ ಅವನ ಪ್ರಾಣ ಉಳಿಯುವುದು ಗೋಪುರದ ಮೇಲಿನ ಜೊತೆಗಾರನು ಎಚ್ಚರವಾಗಿದ್ದು ಗಂಟೆ ಬಾರಿಸಿದರೆ.

ತಾಲ್ಲೂಕಿನಲ್ಲಿ ಈ ಪರಸ್ಪರಾವಲಂಬನೆ ಇನ್ನೂ ನಿಕಟವಾದುದು. ಅಲ್ಲಿ ಕಾವಲಿನವರು ಬೆರಳೆಣಿಕೆಯಷ್ಟು ಮಂದಿ. ಒಬ್ಬನ ಮನೆಯಲ್ಲಿ ಮದುವೆಯಾದರೆ ಇನ್ನೊಬ್ಬನು ಎರಡು ಪಾಳಿ ನಿಲ್ಲಬೇಕು. ಒಬ್ಬನಿಗೆ ಜ್ವರ ಬಂದರೆ ಉಳಿದವರ ನಿದ್ದೆ ಹೋಗಬೇಕು. ಹಬ್ಬದ ದಿನ ಊರೆಲ್ಲ ಮನೆಯಲ್ಲಿದ್ದಾಗ ಇವರು ಬಾಗಿಲಲ್ಲಿರಬೇಕು. ಸಾಲವಾಗಿ ಕೊಟ್ಟ ಪಾಳಿಯನ್ನು ತೀರಿಸುವುದು ಇವರಲ್ಲಿ ಹಣದ ಸಾಲವನ್ನು ತೀರಿಸುವುದಕ್ಕಿಂತ ದೊಡ್ಡ ಮಾತು. ಕೈದಿಗೆ ತನ್ನ ಬಿಡುಗಡೆಯ ದಿನ ತಿಳಿದಿರುತ್ತದೆ. ಅವನಿಗಿಂತ ಹೆಚ್ಚು ವರ್ಷಗಳನ್ನು ಅದೇ ಗೋಡೆಗಳ ನಡುವೆ ಕಳೆಯುವವನು ಕಾವಲುಗಾರನು.

೫

ಈ ಒಡನಾಟದ ಇನ್ನೊಂದು ಮುಖವನ್ನೂ ಇತಿಹಾಸಕಾರನು ಮರೆಮಾಡಬಾರದು. ಒಬ್ಬರನ್ನೊಬ್ಬರು ಬಿಟ್ಟುಕೊಡದ ಗುಣವೇ, ಒಬ್ಬರ ತಪ್ಪನ್ನೊಬ್ಬರು ಮುಚ್ಚುವ ಗುಣವೂ ಆಗಬಲ್ಲುದು. ೧೯೪೨ರ ಚಳವಳಿಯ ಕಾಲದಲ್ಲಿ ಮೈಸೂರು ಸೆರೆಮನೆಯೊಳಗೆ ನಡೆದ ಲಾಠಿಪ್ರಹಾರದಲ್ಲಿ ಶಂಕರಪ್ಪನೆಂಬ ಸತ್ಯಾಗ್ರಹಿ ಪ್ರಾಣ ತೆತ್ತನು. ಹುತಾತ್ಮನ ಹೆಸರು ಉಳಿಯಿತು, ಉಳಿಯಬೇಕಾದುದೇ. ಆದರೆ ಲಾಠಿ ಬೀಸಿದ ಕೈಗಳು ಎಂತಹವು, ಬೀಸಲು ಹಿಂಜರಿದ ಕೈಗಳೂ ಇರಬಹುದೆ, ಆಮೇಲೆ ಆ ಸಾಲುಮನೆಗಳಲ್ಲಿ ಎಂತಹ ಮಾತು ನಡೆದಿರಬಹುದು, ಎಂಬ ಪ್ರಶ್ನೆಗಳನ್ನು ನಾವು ಕೇಳುವುದಿಲ್ಲ. ಕೇಳದಿದ್ದಲ್ಲಿ ಕ್ರೌರ್ಯದ ಕಾರಣವೂ ತಿಳಿಯುವುದಿಲ್ಲ, ಕರುಣೆಯ ಕಾರಣವೂ ತಿಳಿಯುವುದಿಲ್ಲ.

ಸೆರೆಮನೆಯ ಸಾಹಿತ್ಯವೂ ಈ ಕೊರತೆಯನ್ನು ತುಂಬಿಲ್ಲ. ತುರ್ತುಪರಿಸ್ಥಿತಿಯ ದಿನಗಳಲ್ಲಿ, ಹುಣಸೂರಿನ ದೇವರಾಜ ಅರಸರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದಾಗ, ನಟಿ ಸ್ನೇಹಲತಾ ರೆಡ್ಡಿಯವರು ಬೆಂಗಳೂರು ಸೆರೆಮನೆಯಲ್ಲಿದ್ದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ೧೯೭೭ರ ಜನವರಿಯಲ್ಲಿ, ಅವರು ತೀರಿಕೊಂಡರು. ಅವರು ಸೆರೆಯಲ್ಲಿ ಬರೆದ ದಿನಚರಿ ಆ ಕಾಲಕ್ಕೆ ಒಂದು ಸಾಕ್ಷ್ಯವಾಗಿ ಉಳಿದಿದೆ. ಸೆರೆಯಾದವರು ಹೀಗೆ ಬರೆದರು. ಸೆರೆ ಕಾಯ್ದವರು ಬರೆಯಲಿಲ್ಲ. ಅವರಿಗೆ ಬಿಡುವೂ ಇರಲಿಲ್ಲ, ಬರೆಯಲು ಇಲಾಖೆಯ ಅನುಮತಿಯೂ ಸುಲಭವಲ್ಲ, ಓದುವವರಿದ್ದಾರೆಂಬ ನಂಬಿಕೆಯಂತೂ ಇರಲಿಲ್ಲ.

೬

ಸುಧಾರಣೆಯ ಮಾತು ಹಳೆಯದು. ಅಲೆಕ್ಸಾಂಡರ್ ಕಾರ್ಡ್ಯೂರವರ ಅಧ್ಯಕ್ಷತೆಯ ೧೯೧೯-೨೦ರ ಸಮಿತಿಯು, ಅಪರಾಧಿಗಳ ಪಾಲನೆಯನ್ನು ತಕ್ಕ ಶಿಕ್ಷಣ ಪಡೆದವರ ಕೈಗೆ ಒಪ್ಪಿಸಬೇಕೆಂದು ಹೇಳಿತು. ೧೯೫೫ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನವು ಅಂಗೀಕರಿಸಿದ ಕನಿಷ್ಠ ನಿಯಮಗಳು, ಸೆರೆಮನೆಯ ಸರಿಯಾದ ಆಡಳಿತವು ನೌಕರರ ಪ್ರಾಮಾಣಿಕತೆ, ಮಾನವೀಯತೆಗಳನ್ನೇ ಅವಲಂಬಿಸಿದೆಯೆಂದು ಸಾರಿದವು. ೨೦೧೫ರಲ್ಲಿ ನೆಲ್ಸನ್ ಮಂಡೇಲಾರ ಹೆಸರನ್ನು ಪಡೆದ ಪರಿಷ್ಕೃತ ನಿಯಮಗಳಲ್ಲಿಯೂ ಈ ಮಾತು ಉಳಿಯಿತು. ನಮ್ಮ ರಾಜ್ಯದಲ್ಲಿ ೧೯೫೬ರ ಪುನರ್ವಿಂಗಡಣೆಯ ತರುವಾಯ, ಬೇರೆ ಬೇರೆ ಪ್ರಾಂತಗಳ ಕಾನೂನುಗಳ ಬದಲು ೧೯೬೩ರಲ್ಲಿ ಒಂದೇ ಸೆರೆಮನೆ ಕಾಯ್ದೆಯಾಯಿತು. ಚೌಕಟ್ಟು ಮಾತ್ರ ಬಹುಮಟ್ಟಿಗೆ ಹಳೆಯದೇ. ದಕ್ಷಿಣದ ರಾಜ್ಯಗಳ ಸೆರೆಮನೆ ನೌಕರರ ಶಿಕ್ಷಣಕ್ಕಾಗಿ ೧೯೭೯ರಲ್ಲಿ ವೆಲ್ಲೂರಿನಲ್ಲಿ ಅಕಾಡೆಮಿ ತೆರೆಯಿತು. ನ್ಯಾಯಮೂರ್ತಿ ಮುಲ್ಲಾ ಸಮಿತಿಯು (೧೯೮೦-೮೩) ಅಖಿಲ ಭಾರತ ಸೇವೆಯೊಂದನ್ನು ರಚಿಸಬೇಕೆಂದು ಸೂಚಿಸಿತು. ಅದು ಇಂದಿಗೂ ರಚಿತವಾಗಿಲ್ಲ.

ಇಲಾಖೆಯ ಹೆಸರಿಗೆ 'ಸುಧಾರಣಾ ಸೇವೆಗಳು' ಎಂಬ ಮಾತು ಸೇರಿದೆ. ಆದರೆ ಸುಧಾರಿಸಬೇಕಾದವನಿಗೆ ಎಣಿಸಲೂ ಪುರಸೊತ್ತಿಲ್ಲ. ೨೦೨೨ರ ಕೊನೆಗೆ ದೇಶದ ಸೆರೆಮನೆಗಳಲ್ಲಿ ೫,೭೩,೨೨೦ ಮಂದಿಯಿದ್ದರು. ನೂರು ಜನರ ಸ್ಥಳದಲ್ಲಿ ನೂರಮೂವತ್ತೊಂದು ಜನ. ಅವರಲ್ಲಿ ನಾಲ್ವರಲ್ಲಿ ಮೂವರು ವಿಚಾರಣೆ ಮುಗಿಯದವರು. ಮಾದರಿ ಕೈಪಿಡಿಯು ಆರು ಮಂದಿ ಕೈದಿಗಳಿಗೆ ಒಬ್ಬ ಕಾವಲುಗಾರನಿರಬೇಕೆನ್ನುತ್ತದೆ. ಮಂಜೂರಾದ ಹುದ್ದೆಗಳಲ್ಲಿಯೇ ಹತ್ತರಲ್ಲಿ ಸುಮಾರು ಮೂರು ಖಾಲಿ. ೨೦೨೪ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸೆರೆಮನೆಯ ಕೆಲಸವನ್ನು ಜಾತಿಯ ಮೇಲೆ ಹಂಚುವ ನಿಯಮಗಳನ್ನು ರದ್ದುಗೊಳಿಸಿತು. ಆ ತೀರ್ಪನ್ನು ಆಚರಣೆಗೆ ತರಬೇಕಾದವರು ಯಾರು? ದೆಹಲಿಯವರಲ್ಲ, ಬೆಳಗ್ಗೆ ಪೊರಕೆಯನ್ನು ಯಾರ ಕೈಗೆ ಕೊಡಬೇಕೆಂದು ನಿರ್ಧರಿಸುವ ವಾರ್ಡರನು.

ಆದುದರಿಂದ ಕಾವಲುಗಾರನ ಚರಿತ್ರೆಯೆಂಬುದು ಕುತೂಹಲದ ವಿಷಯವಷ್ಟೇ ಅಲ್ಲ. ಅವನು ಯಾವುದಕ್ಕೆ ಹೆದರುತ್ತಾನೆ, ಯಾರನ್ನು ನಂಬುತ್ತಾನೆ ಎಂಬುದನ್ನರಿಯದೆ ಮಾಡಿದ ಸುಧಾರಣೆಗಳು ಹೆಬ್ಬಾಗಿಲಿನ ಮೊದಲ ಕದವನ್ನು ದಾಟಬಹುದು, ಎರಡನೆಯದನ್ನು ದಾಟಲಾರವು. ಈ ನಾಲ್ಕು ತಾಲ್ಲೂಕುಗಳ ಊರುಗಳಲ್ಲಿ ನಿವೃತ್ತರಾದ ಕಾವಲಿನವರು ಇಂದಿಗೂ ನಮ್ಮ ನಡುವೆ ಇರುವರು. ತಾಲ್ಲೂಕು ಕಛೇರಿಗಳ ಹಳೆಯ ಕಡತಗಳನ್ನು ಗೆದ್ದಲು ಮುಟ್ಟುವ ಮೊದಲು ನೋಡುವುದೂ, ಆ ಹಿರಿಯರ ಬಾಯಿಂದ ಅವರ ಪಾಳಿಯ ಕಥೆಗಳನ್ನು ಬರೆದುಕೊಳ್ಳುವುದೂ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ತಕ್ಕ ಕಾರ್ಯ. ಪಿರಿಯಾಪಟ್ಟಣದ ಕೋಟೆಯಲ್ಲಿ ಆ ರಾತ್ರಿ ಎಚ್ಚರವಾಗಿದ್ದವನನ್ನು ಕೇಳುವ ಅವಕಾಶ ನಮಗೆ ತಪ್ಪಿಹೋಗಿದೆ. ಅವನ ಕೆಲಸವನ್ನು ಮುಂದುವರಿಸಿದವರನ್ನು ಕೇಳುವ ಅವಕಾಶ ಇನ್ನೂ ತಪ್ಪಿಲ್ಲ.