ಅಳಲನ್ನಾಲಿಸುವ ಧರ್ಮ

ಆಪ್ತಸಮಾಲೋಚನೆಯೆಂಬ ಪದವು ನಮ್ಮ ಸೀಮೆಗೆ ಬರುವುದಕ್ಕೆ ಬಹುಪೂರ್ವದಲ್ಲಿಯೇ, ಮನಸ್ಸಿನ ಭಾರವನ್ನು ಇಳಿಸಿಕೊಳ್ಳತಕ್ಕ ಸ್ಥಾನಗಳು ಇಲ್ಲಿದ್ದುವು. ಪಾವಗಡದ ಶನೈಶ್ಚರನ ಸನ್ನಿಧಿಯಲ್ಲಿ ಎಳ್ಳೆಣ್ಣೆಯ ದೀಪ ಹಚ್ಚಿದವರೂ, ಶಿರಾದ ಮಲಿಕ್ ರಿಹಾನನ ದರ್ಗಾದಲ್ಲಿ ತಲೆಬಾಗಿದವರೂ, ಕೊರಟಗೆರೆಯ ಸಿದ್ಧರಬೆಟ್ಟವನ್ನೇರಿದವರೂ, ಬೇಡಿದ ವರಗಳು ಬೇರೆ ಬೇರೆಯಾದರೂ, ತಮ್ಮ ದುಃಖವನ್ನು ತುಚ್ಛವೆಂದೆಣಿಸದೆ ಕೇಳುವವರುಂಟೆಂಬ ಒಂದೇ ಭರವಸೆಯನ್ನು ಹೊತ್ತು ಮನೆಗೆ ಮರಳುತ್ತಿದ್ದರು. ಆದರೆ ದೇವರಲ್ಲಿ ನಿವೇದಿಸಿದ ಗುಟ್ಟು ಉಳಿಯುವಂತೆ ಊರಕಟ್ಟೆಯಲ್ಲಿ ಆಡಿದ ಗುಟ್ಟು ಉಳಿಯುತ್ತಿರಲಿಲ್ಲ. ಹಿರಿಯರ ಬುದ್ಧಿವಾದದಲ್ಲಿ ಮಮತೆಯೊಡನೆ ತೀರ್ಪೂ ಬೆರೆತಿರುತ್ತಿತ್ತು. ಗಂಡನ ಮನೆಯಲ್ಲಿ ನೊಂದ ಹೆಣ್ಣುಮಗಳಿಗೆ ಹೊಂದಿಕೊಂಡು ಹೋಗೆಂಬ ಮಾತೇ ಮದ್ದಾಗುತ್ತಿತ್ತು.

ಸರ್ಕಾರದ ಚಿಕಿತ್ಸೆಯಾದರೋ ದೂರದಲ್ಲಿತ್ತು. 1847ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹುಚ್ಚಾಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಗೌರವದ ಹೆಸರನ್ನು ಪಡೆದು, 1954ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಡನೆ 1974ರಲ್ಲಿ ಕೂಡಿಕೊಂಡು ನಿಮ್ಹಾನ್ಸ್ ಆಯಿತು. ಈ ನಾಮಾಂತರಗಳ ಹಿಂದೆ ನೀತಿಯ ಪರಿವರ್ತನೆಯೊಂದಿದೆ: ಕಾವಲಿನಲ್ಲಿಡತಕ್ಕವನೆನಿಸಿದ್ದವನು ಆರೈಕೆಗೆ ಅರ್ಹನಾದ ರೋಗಿಯಾದನು, ರೋಗಿಯೆನಿಸಿದ್ದವನು ಕುಳ್ಳಿರಿಸಿ ಮಾತನಾಡಿಸತಕ್ಕ ಮನುಷ್ಯನಾದನು. 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮವು ಮಂಗಳವಾರದ ಮನೋವೈದ್ಯ ಸೇವೆಯನ್ನು ರಾಜ್ಯದ ತಾಲೂಕು ಆಸ್ಪತ್ರೆಗಳಿಗೆ ವಿಸ್ತರಿಸಿದ ಮೇಲೆ, ಬೆಂಗಳೂರಿನ ಆ ನೀತಿಯು ನಮ್ಮ ಸಣ್ಣ ಊರುಗಳಲ್ಲಿ ಪರೀಕ್ಷೆಗೆ ನಿಂತಿತು.

ಈ ಪರೀಕ್ಷೆ ಕಠಿನವಾದುದು. ಮಹಾನಗರದಲ್ಲಿ ಅಪರಿಚಿತತೆಯೇ ಒಂದು ಮರೆ. ಇಲ್ಲಿಯಾದರೋ ಆಸ್ಪತ್ರೆಯ ಬಾಗಿಲಲ್ಲಿ ಕಂಡವನನ್ನೇ ಸಂತೆಯಲ್ಲಿಯೂ ಕಾಣಬೇಕು, ಕೇಳುವವನೇ ಹೇಳುವವನ ನೆಂಟನೋ ನೆರೆಯವನೋ ಆಗಿರಬಹುದು. ಮಳೆ ಕೈಕೊಟ್ಟು ಕಡಲೆಕಾಯಿಯ ಬೆಳೆ ಒಣಗಿ ಸಾಲದಲ್ಲಿ ಮುಳುಗಿದ ರೈತನಿಗೆ ಸಾಲಕ್ಕಿಂತ ಆ ಸಾಲದ ಸುದ್ದಿಯೇ ಹೆಚ್ಚು ಭಯಂಕರ. ಪಾವಗಡದ ತೆಲುಗು ಮನೆಮಾತಿನವನೂ ಶಿರಾದ ಉರ್ದು ಮನೆಮಾತಿನವಳೂ ದುಃಖವನ್ನು ತಮ್ಮ ತಾಯ್ನುಡಿಯಲ್ಲಿಯೇ ಹೇಳಿಯಾರು. ಅದನ್ನು ಕೇಳುವವನು ತನ್ನ ಜಾತಿ ಮತಗಳ ಅಳತೆಗೋಲನ್ನು ಹೊರಗಿಟ್ಟು ಕೇಳದಿದ್ದರೆ ಕಟ್ಟೆಯ ತೀರ್ಪಿಗೂ ಸಮಾಲೋಚನೆಗೂ ಭೇದವೇನು?

2017ರ ಮಾನಸಿಕ ಆರೋಗ್ಯಪಾಲನಾ ಕಾಯಿದೆಯು ರೋಗಿಯ ಗೋಪ್ಯತೆಯನ್ನು ಆತನ ಹಕ್ಕೆಂದು ಸಾರಿ, ಪ್ರಾಣಕ್ಕೆ ಅಪಾಯ ಒದಗಿದಾಗ ಮೊದಲಾದ ಕೆಲವು ನಿರ್ದಿಷ್ಟ ಸಂದರ್ಭಗಳಲ್ಲಿ ಮಾತ್ರ ಅದನ್ನು ಸಡಿಲಿಸಿದೆ. ಹಕ್ಕನ್ನು ಕಾಯಿದೆ ಕೊಡಬಲ್ಲುದು. ನಂಬಿಕೆಯನ್ನು ಕೇಳುವವನೇ ಗಳಿಸಬೇಕು. ಮಧುಗಿರಿಯ ಕೋಟೆಗೆ ಹೆಬ್ಬಾಗಿಲಲ್ಲದೆ ದಿಡ್ಡಿ ಬಾಗಿಲೂ ಉಂಟು. ನೊಂದ ಹೃದಯವು ಮೊದಲು ತೆರೆಯುವುದು ಆ ದಿಡ್ಡಿಯನ್ನೇ. ತಲೆಬಾಗಿ ಒಳಹೊಕ್ಕು, ಅಲ್ಲಿ ಕಂಡುದನ್ನು ಹೊರಗೆ ತಾರದೆ ಹಿಂದಿರುಗುವವನಿಗೆ ಮಾತ್ರ ಅದು ಮತ್ತೊಮ್ಮೆ ತೆರೆದೀತು.